ಪಂಚಾಮೃತದಲ್ಲಿ ಮಧು

॥ ಶ್ರೀಹರಿವಾಯುಗುರುಭ್ಯೋ ನಮಃ ॥



ವರ್ಷದ ಹನ್ನೆರಡು ಮಾಸಗಳಿಗೆ ಕೇಶವಾದಿ ಹನ್ನೆರಡು ಭಗವದ್ರೂಪಗಳು ನಿಯಾಮಕವಾಗಿರುವುವೆಂಬುದು ನಮ್ಮ ಮನೆಗಳಲ್ಲಿ ಬೆಳೆದ ಮಕ್ಕಳಿಗೂ ತಿಳಿದ ಸಂಗತಿ. ಚೈತ್ರಕ್ಕೆ ವಿಷ್ಣು, ವೈಶಾಖಕ್ಕೆ ಮಧುಸೂದನ, ಜ್ಯೇಷ್ಠಕ್ಕೆ ತ್ರಿವಿಕ್ರಮ. ಪಂಚಾಮೃತದ ಐದು ದ್ರವ್ಯಗಳಲ್ಲಿಯೂ ಇದೇ ರೀತಿ ಐದು ರೂಪಗಳನ್ನು ಚಿಂತಿಸುವ ಕ್ರಮವುಂಟು. ಹಾಲಿನಲ್ಲಿ ಗೋವಿಂದ, ಮೊಸರಿನಲ್ಲಿ ವಾಮನ, ತುಪ್ಪದಲ್ಲಿ ವಿಷ್ಣು, ಜೇನಿನಲ್ಲಿ ಮಧುಸೂದನ, ಸಕ್ಕರೆಯಲ್ಲಿ ಅಚ್ಯುತ. ಹೀಗೆ ವೈಶಾಖದ ಸ್ವಾಮಿಯೂ ಜೇನಿನ ಸ್ವಾಮಿಯೂ ಒಂದೇ ರೂಪವಾಗಿರುವನು. ಇಷ್ಟೇ ಅಲ್ಲ, ಚೈತ್ರ ವೈಶಾಖಗಳಿಗೆ ವೈದಿಕ ಪರಿಭಾಷೆಯಲ್ಲಿ ಮಧು, ಮಾಧವ ಎಂಬ ಹೆಸರುಗಳೇ ಇವೆ. ಶ್ರೀಮದಾಚಾರ್ಯರ ನಾಮಧೇಯದಲ್ಲಿಯೂ ಮಧುವಿದೆ. 'ಮಧು' ಎಂದರೆ ಆನಂದ, 'ವ' ಎಂದರೆ ತೀರ್ಥ, ಆದ್ದರಿಂದ ಮಧ್ವ ಎಂದರೂ ಆನಂದತೀರ್ಥ ಎಂದರೂ ಅರ್ಥ ಒಂದೇ ಎಂದು ಹಿರಿಯರು ನಿರ್ವಚನ ಮಾಡಿರುವರು. ಆದ ಕಾರಣ ಬೇಸಿಗೆಯ ಈ ಕೊನೆಯ ದಿನಗಳಲ್ಲಿ, ನೃಸಿಂಹ ಜಯಂತಿಯ ಅಭಿಷೇಕಕ್ಕೆ ಪಂಚಾಮೃತವನ್ನು ಸಿದ್ಧಗೊಳಿಸುವ ಸಮಯದಲ್ಲಿ, ಆ ನಾಲ್ಕನೆಯ ಬಟ್ಟಲಿನ ವಿಷಯವಾಗಿ ನಾವು ಸ್ವಲ್ಪ ವಿಚಾರ ಮಾಡುವುದು ಉಚಿತವೆಂದು ತೋರುತ್ತದೆ.

ನಮ್ಮ ಚಡಚಣದ ಸೀಮೆಯಲ್ಲಿ ಈ ದಿನಗಳು ಹೇಗಿರುವುವೆಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ. ಭೀಮೆಯ ಪಾತ್ರದಲ್ಲಿ ನೀರಿಗಿಂತ ಉಸುಕು ಹೆಚ್ಚು. ಬಿಳಿಜೋಳ ತೆಗೆದ ಹೊಲಗಳು ಬಾಯಿ ಬಿಟ್ಟಿರುತ್ತವೆ. ಮಧ್ಯಾಹ್ನದ ಹೊತ್ತು 40 ಅಂಶವನ್ನು ಮೀರಿದ ಬಿಸಿಲು. ನೋಡುವ ಕಣ್ಣಿಗೆ ಎಲ್ಲವೂ ಒಣಗಿದಂತೆಯೇ ಕಾಣುವುದು. ಆದರೂ ಇದೇ ಉರಿಯಲ್ಲಿ ಬೇವು ಹೂ ಬಿಡುತ್ತದೆ, ಹೊಂಗೆ ಹೂ ಚೆಲ್ಲುತ್ತದೆ, ಹುಣಸೆ ಚಿಗುರಿ ಹೂವಾಗುತ್ತದೆ. ಯಾರೂ ಬಯಸದೆ ಬದುಗಳನ್ನೆಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿಯೂ ತನ್ನ ಹಳದಿ ಹೂಗೊಂಚಲನ್ನು ತೂಗುತ್ತದೆ. ಮನುಷ್ಯನು ನೆರಳು ಹುಡುಕುವ ಹೊತ್ತಿನಲ್ಲಿ ಜೇನುಹುಳು ಈ ಹೂಗಳನ್ನು ಹುಡುಕಿಕೊಂಡು ತಿರುಗುವುದು. ಹೆಜ್ಜೇನು ಎತ್ತರದ ಮರಕ್ಕೋ ನೀರಿನ ತೊಟ್ಟಿಯ ಅಡಿಗೋ ಒಂದೇ ದೊಡ್ಡ ಹುಟ್ಟನ್ನು ತೂಗಹಾಕುವುದು. ಕೋಲುಜೇನು ಬೇಲಿಯ ಕಂಟಿಯೊಳಗೆ ಒಂದು ಟೊಂಗೆಯನ್ನು ಸುತ್ತಿಕೊಂಡು ಅಂಗೈಯಗಲದ ಹುಟ್ಟನ್ನು ಕಟ್ಟುವುದು. ಮಲೆನಾಡಿನವರ ತುಡುವೆಜೇನು ನಮ್ಮ ಬಯಲಿನಲ್ಲಿ ವಿರಳ.

ಹೂವಿನಿಂದ ತಂದ ರಸ ಜೇನಾಗಿರುವುದಿಲ್ಲ. ಅದರಲ್ಲಿ ಮುಕ್ಕಾಲು ಪಾಲು ನೀರೇ ಇರಬಹುದು. ಅದನ್ನು ಬಾಯಿಂದ ಬಾಯಿಗೆ ದಾಟಿಸಿ, ಕೋಣೆಗಳಲ್ಲಿ ತೆಳುವಾಗಿ ಹರಡಿ, ರೆಕ್ಕೆಯಿಂದ ಗಾಳಿ ಬೀಸಿ, ನೀರಿನ ಅಂಶ ಸುಮಾರು ಐದರಲ್ಲಿ ಒಂದು ಪಾಲಿಗೆ ಇಳಿದ ಮೇಲೆಯೇ ಮೇಣದ ಮುಚ್ಚಳ ಹಾಕುವುವು. ಹುಟ್ಟಿನ ನಡುವೆ ಮರಿಗಳಿರುವ ಭಾಗವನ್ನು ಸುಮಾರು 35 ಅಂಶದ ಶಾಖದಲ್ಲಿಯೇ ಕಾಯಬೇಕು. ಹೊರಗೆ 42 ಇರುವಾಗ ಒಳಗೆ 35 ಇರಬೇಕಾದರೆ ಏನು ಮಾಡಬೇಕು? ಕೆಲವು ಹುಳುಗಳು ನೀರನ್ನು ಹೊತ್ತು ತರುವುವು, ಕೆಲವು ಹನಿಯನ್ನು ಸವರುವುವು, ಕೆಲವು ನಿಂತಲ್ಲಿಯೇ ನಿಂತು ರೆಕ್ಕೆ ಬೀಸುವುವು. ನಾವು ವಸಂತಪೂಜೆಯಲ್ಲಿ ದೇವರಿಗೆ ಬೀಸಣಿಗೆಯ ಸೇವೆಯನ್ನು ಐದು ನಿಮಿಷ ಮಾಡಿ ತೋಳು ನೊಂದಿತೆನ್ನುವೆವು.

ಈ ಹುಳುವನ್ನು ನಮ್ಮ ಋಷಿಗಳು ಎಷ್ಟು ಸಮೀಪದಿಂದ ನೋಡಿದ್ದರೆಂಬುದಕ್ಕೆ ಪ್ರಶ್ನೋಪನಿಷತ್ತಿನ ಎರಡನೆಯ ಪ್ರಶ್ನವೇ ಸಾಕ್ಷಿ. ದೇಹವನ್ನು ಧರಿಸಿರುವವರು ನಾವೇ ಎಂದು ವಾಕ್ಕು, ಮನಸ್ಸು, ಕಣ್ಣು, ಕಿವಿಗಳ ಅಭಿಮಾನಿಗಳು ಹೇಳಿಕೊಂಡಾಗ ಮುಖ್ಯಪ್ರಾಣನು ಅವರ ಮೋಹವನ್ನು ಕಳೆಯುವುದಕ್ಕಾಗಿ ತಾನು ಮೇಲಕ್ಕೆ ಏಳುವವನಂತೆ ತೋರಿಸಿದನು. ಅವನು ಎದ್ದೊಡನೆ ಉಳಿದವರೆಲ್ಲರೂ ಏಳಲೇಬೇಕಾಯಿತು. ಅವನು ನಿಂತೊಡನೆ ಎಲ್ಲರೂ ನಿಂತರು. ಇದಕ್ಕೆ ಉಪನಿಷತ್ತು ಕೊಡುವ ಉಪಮೆ ಜೇನುಗಳ ರಾಜನದು. ಅದು ಹಾರಿದರೆ ಎಲ್ಲವೂ ಹಾರುವುವು, ಅದು ಕುಳಿತರೆ ಎಲ್ಲವೂ ಕುಳಿತುಕೊಳ್ಳುವುವು. ಆ ರಾಜನು ವಾಸ್ತವದಲ್ಲಿ ರಾಣಿಯೆಂಬುದನ್ನು ಹಾಲೆಂಡಿನ ಸ್ವಾಮರ್ಡಾಮ್ ಎಂಬ ವಿದ್ವಾಂಸನು 17ನೆಯ ಶತಮಾನದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಅದರ ಅಂಡಾಶಯವನ್ನು ಕಂಡು ನಿಶ್ಚಯಿಸಿದನು. ಅಲ್ಲಿಯವರೆಗೆ ಯುರೋಪದವರಲ್ಲಿಯೂ ಹೆಚ್ಚಿನವರು ಅದನ್ನು ರಾಜನೆಂದೇ ನಂಬಿದ್ದರು. ಹೆಸರು ಬದಲಾದ ಮಾತ್ರಕ್ಕೆ ಉಪಮೆ ಕೆಡುವುದಿಲ್ಲ. ಹಿಂಡು ಒಡೆದು ಹೊರಟಾಗ ರಾಣಿಯು ಜೊತೆಗೆ ಬಾರದಿದ್ದರೆ ಹೊರಟ ಹುಳುಗಳೆಲ್ಲ ಮರಳಿ ಗೂಡಿಗೇ ಬರುವುವೆಂದು ಇಂದಿನ ಜೇನು ಸಾಕುವವರೂ ಹೇಳುವರು. ಯಾರಿಲ್ಲದಿದ್ದರೆ ಉಳಿದವರ ಚೇಷ್ಟೆ ನಿಲ್ಲುವುದೋ ಅವನೇ ಶ್ರೇಷ್ಠನು ಎಂಬುದು ಅಲ್ಲಿಯ ಪ್ರಮೇಯ. ಆ ಶ್ರೇಷ್ಠನಾದ ವಾಯುದೇವನೂ ಹರಿಯ ಅಧೀನನೆಂಬುದು ನಮ್ಮ ಸಿದ್ಧಾಂತ.

ಆದರೆ ಜೇನಿನ ದೃಷ್ಟಾಂತಗಳಲ್ಲಿ ಬಹು ದೊಡ್ಡ ವಿವಾದಕ್ಕೆ ಸ್ಥಾನವಾದದ್ದು ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿದೆ. ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋಗಿ, ಇಪ್ಪತ್ತನಾಲ್ಕನೆಯ ವಯಸ್ಸಿಗೆ ಎಲ್ಲ ವೇದಗಳನ್ನು ಓದಿ, ತಾನು ಕಲಿತವನೆಂಬ ಬಿಗುವಿನಿಂದ ಶ್ವೇತಕೇತುವು ಮನೆಗೆ ಬಂದನು. (ಪದವಿ ಪಡೆದು ಊರಿಗೆ ಮರಳಿದ ನಮ್ಮಂಥವರು ಈ ಭಾಗವನ್ನು ಸ್ವಲ್ಪ ಮೆಲ್ಲಗೆ ಓದಿಕೊಳ್ಳುವುದೇ ಒಳ್ಳೆಯದು.) ಆಗ ತಂದೆಯಾದ ಉದ್ದಾಲಕನು ಅವನಿಗೆ ಒಂಬತ್ತು ದೃಷ್ಟಾಂತಗಳಿಂದ ತತ್ತ್ವವನ್ನು ಬೋಧಿಸಿದನು. ದಾರಕ್ಕೆ ಕಟ್ಟಿದ ಹಕ್ಕಿ ಮೊದಲನೆಯದು. ಜೇನು ಎರಡನೆಯದು. ಸಮುದ್ರವನ್ನು ಸೇರುವ ನದಿಗಳು ಮೂರನೆಯದು. ಜೇನುಹುಳುಗಳು ನಾನಾ ಮರಗಳ ರಸವನ್ನು ತಂದು ಒಟ್ಟುಗೂಡಿಸಿ ಒಂದು ರಸವನ್ನಾಗಿ ಮಾಡುವುವು. ಅಲ್ಲಿ ಆ ರಸಗಳಿಗೆ 'ನಾನು ಈ ಮರದ ರಸ, ನಾನು ಆ ಮರದ ರಸ' ಎಂಬ ವಿವೇಕವಿರುವುದಿಲ್ಲ. ಹಾಗೆಯೇ ಜೀವರೂ ಸುಷುಪ್ತಿಯಲ್ಲಿ ಸತ್ತನ್ನು ಹೊಂದಿಯೂ ಹೊಂದಿದೆವೆಂದು ಅರಿಯರು.

ಇದನ್ನು ನೋಡಿ, ರಸಗಳೆಲ್ಲ ಕೂಡಿ ಒಂದಾದುವು, ಆದ್ದರಿಂದ ಜೀವನೂ ಬ್ರಹ್ಮನೂ ಒಂದೇ ಎಂದು ಅಭೇದವಾದಿಗಳು ಅರ್ಥ ಮಾಡುವರು. ಮೇಲುನೋಟಕ್ಕೆ ಆ ಅರ್ಥ ಸಹಜವಾಗಿಯೇ ತೋರುವುದು. ಬಟ್ಟಲಿನಲ್ಲಿ ಜೇನನ್ನಿಟ್ಟುಕೊಂಡು ಇದು ಬೇವಿನ ಹನಿ, ಇದು ಹೊಂಗೆಯ ಹನಿ ಎಂದು ಬೇರ್ಪಡಿಸಿ ತೋರಿಸಲು ನಮ್ಮಿಂದ ಸಾಧ್ಯವೇ? ಸಾಧ್ಯವಿಲ್ಲ. ಆದರೆ ಶ್ರೀಮದಾಚಾರ್ಯರು ಛಾಂದೋಗ್ಯ ಭಾಷ್ಯದಲ್ಲಿಯೂ ವಿಷ್ಣುತತ್ತ್ವನಿರ್ಣಯದಲ್ಲಿಯೂ ಉಪನಿಷತ್ತಿನ ಅಕ್ಷರಗಳನ್ನೇ ಹಿಡಿದು ಬೇರೆ ದಾರಿಯನ್ನು ತೋರಿಸಿರುವರು. ರಸಗಳಿಗೆ ತಮ್ಮ ಭೇದದ ಅರಿವಿಲ್ಲವೆಂದು ಶ್ರುತಿಯು ಹೇಳಿತೇ ಹೊರತು ಭೇದವೇ ಇಲ್ಲವೆಂದು ಹೇಳಲಿಲ್ಲ. ಇಲ್ಲದ ವಸ್ತುವಿಗೆ ಅರಿವಿಲ್ಲವೆಂದು ಹೇಳುವುದರಲ್ಲಿ ಅರ್ಥವೇನಿದೆ? ಅದೇ ಖಂಡದಲ್ಲಿ ಮುಂದೆ, ಹುಲಿಯಾಗಲಿ, ಸಿಂಹವಾಗಲಿ, ತೋಳವಾಗಲಿ, ಹುಳುವಾಗಲಿ, ಇಲ್ಲಿ ಯಾವುದಾಗಿ ಇದ್ದುವೋ ಮರಳಿ ಅದೇ ಆಗುವುವೆಂದು ಹೇಳಿದೆ. ಒಂದಾಗಿ ಹೋಗಿದ್ದರೆ ಮರಳಿ ಅದದೇ ಆಗುವುದು ಹೇಗೆ? ಆದ ಕಾರಣವೇ ಒಂಬತ್ತು ಸಲ ಬರುವ ಆ ಪ್ರಸಿದ್ಧ ವಾಕ್ಯದಲ್ಲಿ ಆಚಾರ್ಯರು 'ಅತತ್' ಎಂದು ಪದಚ್ಛೇದ ಮಾಡಿ, ನೀನು ಅವನಲ್ಲ ಎಂಬ ಅರ್ಥವನ್ನು ಸ್ಥಾಪಿಸಿದರು. ಒಂಬತ್ತು ದೃಷ್ಟಾಂತಗಳೂ ಭೇದವನ್ನೇ ಸಾರುವುವೆಂದು ವಿಷ್ಣುತತ್ತ್ವನಿರ್ಣಯದಲ್ಲಿ ಒಂದೊಂದನ್ನಾಗಿ ಎತ್ತಿ ತೋರಿಸಿರುವರು. ಆ ಗ್ರಂಥಕ್ಕೆ ಟೀಕೆಯನ್ನು ರಚಿಸಿದ ಶ್ರೀಜಯತೀರ್ಥರು ಸಂಪ್ರದಾಯದ ಪ್ರಕಾರ ನಮ್ಮ ನೆರೆಯ ಮಂಗಳವೇಢೆಯವರು. ಕುದುರೆಯ ಮೇಲೆ ಕುಳಿತಂತೆಯೇ ನದಿಗೆ ಬಾಯಿ ಹಚ್ಚಿ ನೀರು ಕುಡಿದ ಆ ತರುಣನನ್ನು ಅಕ್ಷೋಭ್ಯತೀರ್ಥರು ಕಂಡದ್ದು ಪಂಢರಪುರದ ಸೀಮೆಯಲ್ಲಿ, ಇದೇ ಭೀಮೆಯ ದಂಡೆಯಲ್ಲಿ ಎಂದು ಹಿರಿಯರು ಹೇಳುವರು. ಟೀಕಾಚಾರ್ಯರ ನೀರು ನಮ್ಮ ಊರಿನ ಉತ್ತರಕ್ಕೆ ಇಂದಿಗೂ ಹರಿಯುತ್ತಿದೆ.

ಈಗ ಒಂದು ಲೌಕಿಕ ಸಂಗತಿಯನ್ನು ನಿವೇದಿಸುವೆವು. ಜೇನನ್ನು ಪರೀಕ್ಷಿಸುವ ತಜ್ಞರು ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅದರಲ್ಲಿರುವ ಪರಾಗದ ಕಣಗಳನ್ನು ಎಣಿಸುವರು. ಪ್ರತಿಯೊಂದು ಗಿಡದ ಪರಾಗಕ್ಕೂ ಅದರದೇ ಆಕಾರವುಂಟು. ಒಂದಕ್ಕೆ ಮುಳ್ಳು, ಒಂದಕ್ಕೆ ಗೆರೆ, ಒಂದಕ್ಕೆ ರಂಧ್ರ. ಯಾವ ಕಣ ಎಷ್ಟು ಇದೆಯೆಂಬುದರಿಂದ ಈ ಜೇನು ಯಾವ ಯಾವ ಹೂಗಳದು, ಯಾವ ಸೀಮೆಯದು ಎಂದು ಹೇಳಬಲ್ಲರು. ಒಂದೇ ಗಿಡದ ಪರಾಗ ಶೇಕಡಾ 45ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಅದನ್ನು ಆ ಹೂವಿನ ಜೇನೆಂದೇ ಕರೆಯುವರು. ನಾಲಿಗೆಗೆ ಒಂದೇ ಎಂದು ತೋರಿದ ಬಟ್ಟಲಿನಲ್ಲಿ ಬೇವು ಬೇವಾಗಿಯೇ, ಹೊಂಗೆ ಹೊಂಗೆಯಾಗಿಯೇ ಹೀಗೆ ತನ್ನ ಗುರುತನ್ನು ಇಟ್ಟುಕೊಂಡು ಕುಳಿತಿದೆ. ಶ್ರುತಿಯ ಅರ್ಥನಿರ್ಣಯಕ್ಕೆ ಸೂಕ್ಷ್ಮದರ್ಶಕದ ಸಾಕ್ಷಿ ಬೇಕೆಂದು ನಾವು ಹೇಳುವುದಿಲ್ಲ. ಪರಾಗವೇ ರಸವೂ ಅಲ್ಲ. ಆದರೆ ದೃಷ್ಟಾಂತವೆಂಬುದು ಲೋಕದಿಂದ ಆರಿಸಿ ತಂದ ವಸ್ತು. ಲೋಕದಲ್ಲಿ ಅದು ಹೇಗಿದೆಯೆಂದು ನೋಡುವುದು ನ್ಯಾಯವೇ ಸರಿ. ಬೇವಿನ ಕಾಲದ ಜೇನಿಗೆ ಕೊನೆಯಲ್ಲಿ ಒಂದು ಕಹಿಯೆಳೆ ಇರುವುದನ್ನು ನಮ್ಮ ಊರಿನ ಮುದುಕರು ಯಾವ ಯಂತ್ರವೂ ಇಲ್ಲದೆ ಹೇಳುತ್ತಾರಲ್ಲವೇ?

ಇಲ್ಲಿಂದ ನಾವು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುವೆವು. ಪಂಚಭೇದಗಳನ್ನು ನಾವು ನಿತ್ಯವೂ ಪಠಿಸುವೆವು. ಜೀವಜೀವರಿಗೆ ಭೇದವೆಂಬುದು ಅವುಗಳಲ್ಲೊಂದು. ಇದು ಕೇವಲ ಸಭೆಯಲ್ಲಿ ವಾದಿಸಿ ಗೆಲ್ಲುವುದಕ್ಕಾಗಿ ಹೇಳಿದ ಮಾತೇ? ಹೆಜ್ಜೇನಿನ ಒಂದು ಹುಟ್ಟಿನಲ್ಲಿ ಹತ್ತಾರು ಸಾವಿರ ಹುಳುಗಳಿರುವುವು. ನಮ್ಮ ಕಣ್ಣಿಗೆ ಅದು ಕಪ್ಪಾಗಿ ಜೋತುಬಿದ್ದ ಒಂದು ವಸ್ತು. ಸಿದ್ಧಾಂತದ ಕಣ್ಣಿಗೆ ಅವು ಹತ್ತಾರು ಸಾವಿರ ಬೇರೆ ಬೇರೆ ಜೀವರು. ಪ್ರತಿಯೊಬ್ಬನಿಗೂ ಅವನದೇ ಅನಾದಿಕರ್ಮ, ಅವನದೇ ಸ್ವರೂಪ. ಪ್ರತಿಯೊಬ್ಬನ ಒಳಗೂ ಬಿಂಬರೂಪಿಯಾದ ಹರಿಯ ಸನ್ನಿಧಾನ. ಒಂದು ದುಡಿಯುವ ಹುಳುವು ಹೂವಿನ ಕಾಲದಲ್ಲಿ ಸುಮಾರು ಆರು ವಾರ ಬದುಕುವುದು. ಆ ಆಯುಷ್ಯದಲ್ಲಿ ಅದು ಕೂಡಿಸುವ ಜೇನು ಚಹದ ಚಮಚೆಯ ಹನ್ನೆರಡರಲ್ಲಿ ಒಂದು ಪಾಲಿನಷ್ಟೆಂದು ಲೆಕ್ಕ ಹಾಕಿರುವರು. ಅಂದರೆ ಅರ್ಚಕರು ದೇವರ ಮೇಲೆ ಎರೆಯುವ ಅಂತಹ ಒಂದೊಂದು ಚಮಚೆಯೂ ಹನ್ನೆರಡು ಜೀವಗಳು ಜನ್ಮವಿಡೀ ದುಡಿದ ಫಲವಾಯಿತು.

ಹೀಗಿರುವಾಗ ಬೇಸಿಗೆಯ ಕೊನೆಗೆ ಜೇನು ಬಿಡಿಸುವ ರೀತಿಯನ್ನು ನೋಡಿರಿ. ಕತ್ತಲಾದ ಮೇಲೆ ಒಣಹುಲ್ಲಿನ ದೊಂದಿಯನ್ನು ಕಟ್ಟಿ, ಉರಿಯನ್ನು ಹುಟ್ಟಿನ ಕೆಳಗೆ ಹಿಡಿಯುವರು. ಹುಳುಗಳು ಉರಿಗೆ ಬಿದ್ದು ಸುಡುವುವು. ರೆಕ್ಕೆ ಸುಟ್ಟವು ನೆಲದ ಮೇಲೆ ಹರಿದಾಡುವುವು. ಆಮೇಲೆ ಹುಟ್ಟನ್ನು ಪೂರ್ತಿಯಾಗಿ ಕಿತ್ತು, ಮರಿಗಳಿರುವ ಭಾಗವನ್ನೂ ಸೇರಿಸಿ, ಹಿಂಡಿ ತುಂಬುವರು. ಆ ಜೇನಿನಲ್ಲಿ ಮರಿಗಳ ರಸವೂ ಬೂದಿಯೂ ಸೇರಿರುವುದು. ಅದನ್ನೇ 'ಕಾಡಿನ ಶುದ್ಧ ಜೇನು' ಎಂದು ನಾವು ಹೆಚ್ಚಿನ ಬೆಲೆ ಕೊಟ್ಟು ಕೊಂಡು, ಮಡಿಯಿಂದ ತಂದು, ಮಧುಸೂದನನನ್ನು ಆವಾಹಿಸಿ, ಸಾಲಿಗ್ರಾಮದ ಮೇಲೆ ಎರೆಯುವೆವು. ನಾವು ಮುಟ್ಟು ಮಡಿಗಳ ವಿಷಯದಲ್ಲಿ ತೋರುವ ಕಟ್ಟುನಿಟ್ಟಿನ ನೂರರಲ್ಲಿ ಒಂದು ಪಾಲನ್ನು ಇಲ್ಲಿ ತೋರಿಸಿದರೆ ಈ ದ್ರವ್ಯವು ಗರ್ಭಗುಡಿಯ ಹೊಸ್ತಿಲನ್ನು ದಾಟಲಾರದು. ದೊಂದಿ ಹಿಡಿದವನನ್ನು ನಾವು ದೂಷಿಸುವುದಿಲ್ಲ. ಅವನು ಬಡವನು, ಅವನ ಹೊಟ್ಟೆಯ ಮಾತು ಅದು. ಕೊಳ್ಳುವವರು ಹೇಗೆ ತೆಗೆದದ್ದೆಂದು ಕೇಳತೊಡಗಿದರೆ ಅವನೂ ಬೇರೆ ರೀತಿಯನ್ನು ಕಲಿಯುವನು.

ಬೇರೆ ರೀತಿ ಇದ್ದೇ ಇದೆ. ಹೆಜ್ಜೇನಿನ ಹುಟ್ಟಿನಲ್ಲಿ ಜೇನು ತುಂಬಿರುವುದು ಮೇಲಿನ ಒಂದು ಮೂಲೆಯ ದಪ್ಪ ಭಾಗದಲ್ಲಿ ಮಾತ್ರ. ಕೆಳಗಿನದೆಲ್ಲ ಮರಿಗಳ ತೊಟ್ಟಿಲು. ಉರಿಯಿಲ್ಲದ ಹೊಗೆಯಿಂದ ಹುಳುಗಳನ್ನು ಸರಿಸಿ, ಆ ಮೂಲೆಯನ್ನು ಮಾತ್ರ ಕೊಯ್ದು, ಉಳಿದುದನ್ನು ಹಾಗೆಯೇ ಬಿಟ್ಟರೆ ಹಿಂಡು ಉಳಿಯುವುದು. ಅನೇಕ ವೇಳೆ ಅದೇ ಹುಟ್ಟಿಗೆ ಮತ್ತೆ ಜೇನು ತುಂಬುವುದೂ ಉಂಟು. ಕೋಲುಜೇನಿನಲ್ಲಿಯೂ ಟೊಂಗೆಯನ್ನು ಸುತ್ತಿದ ಮೇಲ್ಭಾಗದಲ್ಲಿ ಜೇನು, ಜೋತುಬಿದ್ದ ಭಾಗದಲ್ಲಿ ಮರಿಗಳು. ಇದು ನಮಗೆ ಹೊಸ ಧರ್ಮವೇನೂ ಅಲ್ಲ. ಆಕಳನ್ನು ಹಿಂಡುವಾಗ ಕರುವಿಗೆಂದು ಒಂದು ಮೊಲೆಯನ್ನು ಬಿಡುವ ಪದ್ಧತಿ ನಮ್ಮ ಹಟ್ಟಿಗಳಲ್ಲಿ ಇರಲಿಲ್ಲವೇ? ಕರುವಿನ ಪಾಲನ್ನು ಕಸಿದ ಹಾಲು ಅಭಿಷೇಕಕ್ಕೆ ಯೋಗ್ಯವಲ್ಲವೆಂದಾದರೆ, ಮರಿಯನ್ನು ಹಿಂಡಿದ ಜೇನು ಯೋಗ್ಯವಾಗುವುದು ಹೇಗೆ? ನಮ್ಮ ಜೈನ ಬಾಂಧವರು ಇದೇ ಹಿಂಸೆಯನ್ನು ಕಂಡು ಮದ್ಯ ಮಾಂಸಗಳೊಡನೆ ಮಧುವನ್ನೂ ವರ್ಜಿಸಿರುವರು. ನಮಗೆ ಮಧುಪರ್ಕದಲ್ಲಿಯೂ ಪಂಚಾಮೃತದಲ್ಲಿಯೂ ಜೇನು ವಿಹಿತವಾಗಿರುವುದರಿಂದ ನಾವು ಅದನ್ನು ಬಿಡುವಂತಿಲ್ಲ. ಬಿಡುವಂತಿಲ್ಲವಾದ್ದರಿಂದಲೇ ಅದು ಬರುವ ದಾರಿಯನ್ನು ನೋಡಿಕೊಳ್ಳುವ ಹೊಣೆ ಅವರಿಗಿಂತ ನಮ್ಮ ಮೇಲೆ ಹೆಚ್ಚು ಬಿದ್ದಿದೆ.

ಜೇನನ್ನು ಪೆಟ್ಟಿಗೆಯಲ್ಲಿ ಸಾಕಿ, ಮರಿಗಳ ಚೌಕಟ್ಟನ್ನು ಮುಟ್ಟದೆ ಜೇನಿನ ಚೌಕಟ್ಟನ್ನು ಮಾತ್ರ ಯಂತ್ರದಲ್ಲಿ ತಿರುಗಿಸಿ ತೆಗೆಯುವ ಕ್ರಮವು ಇಂದು ಎಲ್ಲರಿಗೂ ತಿಳಿದಿದೆ. ನಮ್ಮ ನಾಡಿನಲ್ಲಿ ಇದು ಕೊಡಗಿನಲ್ಲಿ ಬಹಳ ಹಿಂದೆಯೇ ಬೇರೂರಿತು. ವಿರಾಜಪೇಟೆಯ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘವು 1936ರಷ್ಟು ಹಳೆಯದು. ಭಾಗಮಂಡಲದ ಜೇನು ಹೆಸರುವಾಸಿಯಾದದ್ದೂ ಇದರಿಂದಲೇ. 1962ರಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದವರು ಪುಣೆಯಲ್ಲಿ ಜೇನಿನ ಸಂಶೋಧನೆಗೆಂದೇ ಕೇಂದ್ರವೊಂದನ್ನು ತೆರೆದರು. ಆದರೆ 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿಗಳ ರೋಗವು ಬಂದು ದಕ್ಷಿಣದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ತಲೆಮಾರುಗಳಿಂದ ಸಾಕಿದವರ ಪೆಟ್ಟಿಗೆಗಳು ಬರಿದಾದುವು. ಆಮೇಲೆಯೇ ಯುರೋಪದ ಮೆಲ್ಲಿಫೆರಾ ಜಾತಿಯ ಜೇನು ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಹರಡಿತು. ಬಯಲುಸೀಮೆಯಲ್ಲಿ ಸೂರ್ಯಕಾಂತಿ ಹೂಬಿಟ್ಟ ಕಾಲಕ್ಕೆ ಲಾರಿಯಲ್ಲಿ ಪೆಟ್ಟಿಗೆಗಳನ್ನು ತಂದಿಳಿಸುವುದು ಈ ಜಾತಿಯಿಂದಲೇ ಸಾಧ್ಯವಾಗಿದೆ.

ಹೊಲದವರಿಗೂ ಇದರಲ್ಲಿ ಲಾಭವುಂಟು. ಸೂರ್ಯಕಾಂತಿಯ ತೆನೆಯಲ್ಲಿ ಕಾಳು ತುಂಬುವುದಕ್ಕೆ ಜೇನುಹುಳುವಿನ ಸಂಚಾರ ಬಹಳ ಮುಖ್ಯ. ಇಂಡಿಯ ನಿಂಬೆಯ ತೋಟಗಳಿಗೂ ದಾಳಿಂಬೆಗೂ ಅದರ ನೆರವು ಸಲ್ಲುತ್ತದೆ. ಆದರೆ ಹೂಬಿಟ್ಟ ಕಾಲದಲ್ಲಿಯೇ, ಅದೂ ಬೆಳಗಿನ ಹೊತ್ತಿನಲ್ಲಿಯೇ, ಔಷಧಿ ಹೊಡೆಯುವ ರೂಢಿ ನಮ್ಮ ಕಡೆ ಬೆಳೆದಿದೆ. ಜೇನು ಹೂವಿಗೆ ಬರುವ ಹೊತ್ತೂ ಅದೇ. ನಿಯೋನಿಕೋಟಿನಾಯ್ಡ್ ಎಂಬ ವರ್ಗದ ಕೀಟನಾಶಕಗಳು ಹುಳುವಿನ ನರಗಳನ್ನು ಕೆಡಿಸಿ ಗೂಡಿನ ದಾರಿಯನ್ನೇ ಮರೆಸುವುವೆಂದು ಕಂಡುಬಂದುದರಿಂದ ಯುರೋಪದ ಒಕ್ಕೂಟವು 2018ರಲ್ಲಿ ಅವುಗಳಲ್ಲಿ ಮೂರನ್ನು ಬಯಲು ಬೆಳೆಗಳಿಗೆ ನಿಷೇಧಿಸಿತು. ನಮ್ಮ ಭಕ್ತಾದಿಗಳಲ್ಲಿ ದ್ರಾಕ್ಷಿ, ನಿಂಬೆಗಳ ತೋಟವಿರುವವರು ಅನೇಕರು. ಹೊಡೆಯಲೇಬೇಕಾದರೆ ಸೂರ್ಯಾಸ್ತದ ನಂತರ ಹೊಡೆಯಿರಿ, ಹೂವು ಪೂರ್ತಿ ಅರಳಿದ ವಾರದಲ್ಲಿ ಬಿಡಿರಿ ಎಂದು ಅವರಲ್ಲಿ ನಮ್ಮ ಪ್ರಾರ್ಥನೆ. ಬೇಸಿಗೆಯಲ್ಲಿ ಒಂದು ಅಗಲವಾದ ಪಾತ್ರೆಗೆ ನೀರು ಹಾಕಿ, ಹುಳು ಮುಳುಗದಂತೆ ನಾಲ್ಕು ಕಲ್ಲುಗಳನ್ನಿಟ್ಟು, ತೋಟದ ಮೂಲೆಯಲ್ಲಿಡುವುದೂ ಒಂದು ಅರವಟ್ಟಿಗೆಯೇ. ವೈಶಾಖದ ಉದಕದಾನದಲ್ಲಿ ಇದಕ್ಕೆ ಸ್ಥಾನವಿಲ್ಲವೆಂದು ಯಾರು ಹೇಳಿಯಾರು?

ಇನ್ನು ಅಂಗಡಿಯ ಸೀಸೆಯ ಮಾತು. 2020ರ ಡಿಸೆಂಬರದಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 13 ಬಗೆಯ ಜೇನನ್ನು ಜರ್ಮನಿಗೂ ಕಳುಹಿಸಿ ಪರೀಕ್ಷೆ ಮಾಡಿಸಿದಾಗ ಮೂರು ಮಾತ್ರ ಎಲ್ಲ ಪರೀಕ್ಷೆಗಳಲ್ಲಿ ನಿಂತುವೆಂದು ಪ್ರಕಟಿಸಿದರು. ತಯಾರಕರು ಅದನ್ನು ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಆ ವಿವಾದವನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಪಂಚಾಮೃತದಲ್ಲಿ ಸಕ್ಕರೆಗೆ ಬೇರೆಯೇ ಸ್ಥಾನವಿದೆ, ಅಲ್ಲಿ ಅಚ್ಯುತನ ಚಿಂತನೆಯಿದೆ. ಸಕ್ಕರೆಯ ಪಾಕವನ್ನು ಮಧುವೆಂದು ಎರೆದರೆ ಅರ್ಚನೆಯಲ್ಲಿ ಒಂದು ದ್ರವ್ಯವೇ ಇಲ್ಲವಾಯಿತು. ನೀರಿನಲ್ಲಿ ಹಾಕಿ ತಳಕ್ಕೆ ಇಳಿಯುವುದೋ ನೋಡುವುದು, ಬತ್ತಿಯನ್ನು ಅದ್ದಿ ಹೊತ್ತಿಸುವುದು, ಇರುವೆ ಮುತ್ತುವುದೋ ಎಂದು ಕಾಯುವುದು, ಈ ಮನೆಯ ಪರೀಕ್ಷೆಗಳನ್ನು ನಂಬಿ ಸಮಾಧಾನಪಟ್ಟುಕೊಳ್ಳಬಾರದು. ಗಟ್ಟಿಯಾದ ಪಾಕವೂ ತಳಕ್ಕೆ ಇಳಿಯುವುದು. ಹಾಗೆಯೇ ಹರಳುಗಟ್ಟಿದ ಜೇನನ್ನು ಕಂಡು ಸಕ್ಕರೆ ಬೆರೆತಿದೆಯೆಂದು ಚೆಲ್ಲುವುದೂ ಸರಿಯಲ್ಲ. ಒಳ್ಳೆಯ ಜೇನೂ ಚಳಿಗೆ ಹರಳುಗಟ್ಟುವುದುಂಟು. ಸಾಕಿದವನ ಮುಖವನ್ನು ಕಂಡು, ಅವನ ಪೆಟ್ಟಿಗೆಯನ್ನು ನೋಡಿ ಕೊಳ್ಳುವುದೇ ಎಲ್ಲಕ್ಕಿಂತ ನೇರವಾದ ಪರೀಕ್ಷೆ.

ಅರ್ಚನೆ ಮಾಡುವವರಿಗೂ ಗೃಹಿಣಿಯರಿಗೂ ಎರಡು ಎಚ್ಚರಿಕೆಗಳು. ಜೇನನ್ನು ಬಿಸಿ ಮಾಡಬಾರದೆಂದೂ, ತುಪ್ಪ ಮತ್ತು ಜೇನನ್ನು ಸಮಪ್ರಮಾಣದಲ್ಲಿ ಬೆರೆಸಬಾರದೆಂದೂ ಆಯುರ್ವೇದದ ಆಚಾರ್ಯರು ವಿಧಿಸಿರುವರು. ಆದ್ದರಿಂದ ಪಂಚಾಮೃತದಲ್ಲಿ ಅವೆರಡರ ಅಳತೆ ಬೇರೆ ಬೇರೆಯಾಗಿರಲಿ. ಎರಡನೆಯದು ಇದಕ್ಕಿಂತ ಗಂಭೀರವಾದದ್ದು. ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ನೆಕ್ಕಿಸಬಾರದೆಂದು ವೈದ್ಯರು ಸ್ಪಷ್ಟವಾಗಿ ಹೇಳುತ್ತಿರುವರು. ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಜಾತಿಯ ಸೂಕ್ಷ್ಮಬೀಜವು ದೊಡ್ಡವರಿಗೆ ನಿರಪಾಯಕರವಾದರೂ ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡಿ, ಅಂಗಗಳನ್ನು ಸೋಲಿಸಿ, ಪ್ರಾಣಕ್ಕೇ ಅಪಾಯ ತರಬಲ್ಲದು. ಜಾತಕರ್ಮದಲ್ಲಿ ಬಂಗಾರದಿಂದ ಮಧುಘೃತವನ್ನು ನೆಕ್ಕಿಸುವ ವಿಧಿಯಿದೆಯಲ್ಲಾ ಎಂದು ಕೇಳುವವರಿದ್ದಾರೆ. ಮಗುವಿನ ಆಯುಷ್ಯಕ್ಕಾಗಿಯೇ ಹೇಳಿದ ಸಂಸ್ಕಾರವದು. ಮಂತ್ರಗಳನ್ನು ಸಾಂಗವಾಗಿ ಹೇಳಿ, ಮಧುವನ್ನು ದೇವರ ಮುಂದಿಟ್ಟು ನಿವೇದಿಸಿ, ಕೂಸಿನ ಬಾಯಿಗೆ ಸೋಂಕಿಸದೆ ಇರುವುದರಿಂದ ಆ ಉದ್ದೇಶಕ್ಕೆ ಭಂಗವಿಲ್ಲವೆಂಬುದು ನಮ್ಮ ಅಭಿಪ್ರಾಯ. ಅಜ್ಜಿಯಂದಿರು ಇದನ್ನು ಹಟ ಮಾಡದೆ ಕೇಳಬೇಕು.

ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಶ್ರೀಕೃಷ್ಣನು ಉದ್ಧವನಿಗೆ ಹೇಳುವ ಅವಧೂತನ ಕಥೆಯಲ್ಲಿ ಜೇನುಹುಳುವೂ ಒಂದು ಗುರು, ಜೇನನ್ನು ಬಿಡಿಸುವವನೂ ಒಂದು ಗುರು. ಸಣ್ಣ ಹೂವು ದೊಡ್ಡ ಹೂವು ಎನ್ನದೆ, ಯಾವುದನ್ನೂ ನೋಯಿಸದೆ, ಸ್ವಲ್ಪ ಸ್ವಲ್ಪವಾಗಿ ಸಾರವನ್ನು ತೆಗೆದುಕೊಳ್ಳುವುದನ್ನು ಹುಳುವಿನಿಂದ ಕಲಿಯಬೇಕು. ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಬೇಡಿ ಉಣ್ಣುವುದಕ್ಕೆ ನಮ್ಮ ಕಡೆ ಮಧುಕರಿ ಎಂಬ ಹೆಸರು ಬಂದದ್ದು ಇದರಿಂದಲೇ. ಆ ಅನ್ನದಿಂದ ಎಷ್ಟೋ ಶಾಸ್ತ್ರಿಗಳು ತಯಾರಾದರು. ಆದರೆ ಅದೇ ಹುಳುವಿನಿಂದ ಕಲಿಯಬೇಕಾದ ಇನ್ನೊಂದು ಪಾಠ ಕೂಡಿಡಬಾರದೆಂಬುದು. ತಾನೂ ಉಣ್ಣದೆ ಪರರಿಗೂ ಕೊಡದೆ ಸಂಗ್ರಹಿಸಿದ್ದನ್ನು ಬೇರೊಬ್ಬನು ಬಂದು ಒಯ್ಯುವನು. ಬೇಸಿಗೆಯ ಜೇನನ್ನು ಸೀಸೆಯಲ್ಲಿ ತುಂಬಿ, ಕಪಾಟಿನಲ್ಲಿ ಬೀಗ ಹಾಕಿ, ಔಷಧಕ್ಕೆಂದು ಹತ್ತು ವರ್ಷ ಇಟ್ಟುಕೊಳ್ಳುವ ಮನೆಗಳನ್ನು ನಾವು ಕಂಡಿದ್ದೇವೆ.

ಜೇನು ಇರುವುದು ಉಣ್ಣುವುದಕ್ಕೆ, ಹರಿಗೆ ಅರ್ಪಿಸಿ ಉಣ್ಣುವುದಕ್ಕೆ. ನೃಸಿಂಹ ಜಯಂತಿಯ ದಿನ ಸಾಯಂಕಾಲದವರೆಗೆ ಉಪವಾಸವಿದ್ದು, ಆ ಬಿಸಿಲನ್ನೆಲ್ಲ ಕಳೆದು, ಅಭಿಷೇಕವಾದ ಮೇಲೆ ಅಂಗೈಯಲ್ಲಿ ಬೀಳುವ ಒಂದು ಚಮಚೆ ಪಂಚಾಮೃತದ ರುಚಿಯನ್ನು ಯಾವ ಭಕ್ಷ್ಯವೂ ಕೊಡಲಾರದು. ಜ್ಯೇಷ್ಠದ ಆರಂಭದಲ್ಲಿ, ಇನ್ನೂ ಮಳೆ ಬೀಳದ ದಿನಗಳಲ್ಲಿ, ಮಣ್ಣಿನ ಕೊಡದ ತಂಪು ನೀರಿಗೆ ಇಂಡಿಯ ನಿಂಬೆಯ ರಸವನ್ನು ಹಿಂಡಿ, ಬೆಲ್ಲದ ಬದಲಿಗೆ ಜೇನನ್ನು ಕರಗಿಸಿ, ಒಂದು ಚಿಟಿಕೆ ಏಲಕ್ಕಿ ಹಾಕಿ ಮಾಡಿದ ಪಾನಕವನ್ನು ದೇವರಿಗೆ ನಿವೇದಿಸಿ ಕುಡಿದು ನೋಡಿರಿ. ಹೂವಾಗಿದ್ದಾಗ ಆ ನಿಂಬೆಯ ಬಳಿಗೆ ಬಂದು ಹೋದ ಹುಳುವಿನ ದುಡಿಮೆಯೂ ಆ ಹೂವಿನ ಕಾಯಿಯೂ ಒಂದು ಲೋಟದಲ್ಲಿ ಮತ್ತೆ ಭೇಟಿಯಾಗುವುವು.

ಸಂತೋಷದಿಂದ ಜೇನನ್ನು ಸವಿಯುವುದಕ್ಕೆ ನಮ್ಮಲ್ಲಿ ಬಹು ದೊಡ್ಡ ನಿದರ್ಶನವುಂಟು. ಸುಂದರಕಾಂಡದ ಕೊನೆಯ ಭಾಗದಲ್ಲಿ, ಸೀತಾದೇವಿಯ ದರ್ಶನ ಮಾಡಿಕೊಂಡು ಮರಳಿದ ಹನುಮಂತದೇವರನ್ನು ಮುಂದಿಟ್ಟುಕೊಂಡು ಬರುವ ಕಪಿಗಳು ದಾರಿಯಲ್ಲಿ ಸುಗ್ರೀವನ ಮಧುವನವನ್ನು ಕಂಡರು. ಯಾರೂ ಪ್ರವೇಶಿಸಬಾರದ ವನವದು, ಸುಗ್ರೀವನ ಸೋದರಮಾವನಾದ ದಧಿಮುಖನ ಕಾವಲು ಅದಕ್ಕೆ. ಆದರೂ ಕಪಿಗಳು ತಾವಾಗಿ ನುಗ್ಗಲಿಲ್ಲ. ಮೊದಲು ಯುವರಾಜನಾದ ಅಂಗದನ ಅಪ್ಪಣೆಯನ್ನು ಬೇಡಿದರು. ಅಪ್ಪಣೆ ದೊರೆತ ಮೇಲೆ ಅವರು ಮಾಡಿದ ಗದ್ದಲವನ್ನು ವಾಲ್ಮೀಕಿಗಳು ಸರ್ಗಗಟ್ಟಲೆ ವರ್ಣಿಸಿರುವರು. ಕೆಲವರು ಹಾಡಿದರು, ಕೆಲವರು ನಕ್ಕರು, ಕೆಲವರು ಬಿದ್ದು ನಿದ್ರೆ ಮಾಡಿದರು. ತಡೆಯಲು ಬಂದ ದಧಿಮುಖನು ಏಟು ತಿಂದು ಸುಗ್ರೀವನ ಬಳಿಗೆ ದೂರು ಒಯ್ದನು. ವನ ಹಾಳಾಯಿತೆಂದು ಕೇಳಿದ ಸುಗ್ರೀವನಿಗೆ ಕೋಪ ಬರಬೇಕಾಗಿತ್ತು. ಅವನು ಹಿಗ್ಗಿದನು. ಕಾರ್ಯವಾಗದೆ ಬಂದವರಿಗೆ ಮಧುವನದ ಹತ್ತಿರ ಸುಳಿಯುವ ಧೈರ್ಯವಿರಲಾರದು, ಸೀತೆಯು ಕಂಡಿರಲೇಬೇಕು, ಅದೂ ಹನುಮಂತನಿಗಲ್ಲದೆ ಬೇರೆಯವರಿಗೆ ಕಾಣಲಾರಳು ಎಂದು ಲಕ್ಷ್ಮಣನಿಗೆ ಹೇಳಿ, ಅವರನ್ನು ಬೇಗ ಕಳುಹಿಸೆಂದು ದಧಿಮುಖನನ್ನೇ ಹಿಂದಕ್ಕೆ ಕಳುಹಿಸಿದನು. ಶ್ರೀರಾಮನಿಗೆ ಶುಭವಾರ್ತೆಯ ಮೊದಲ ಸೂಚನೆ ಮುಟ್ಟಿದ್ದು ಹೀಗೆ, ಜೇನಿನ ಮೂಲಕ.

ನೃಸಿಂಹ ಜಯಂತಿಯ ಅಭಿಷೇಕಕ್ಕೆ ಜೇನನ್ನು ಸಮರ್ಪಿಸುವ ಭಕ್ತರು ಅದು ಎಲ್ಲಿಯದು, ಹೇಗೆ ತೆಗೆದದ್ದು ಎಂಬುದನ್ನು ವಿಚಾರಿಸಿ ತರಬೇಕಾಗಿಯೂ, ಪೆಟ್ಟಿಗೆಯಲ್ಲಿ ಜೇನು ಸಾಕಿರುವ ರೈತರು ಯಾರಾದರೂ ಇದ್ದಲ್ಲಿ ಒಂದು ದಿನ ಮುಂಚಿತವಾಗಿ ಅರ್ಚಕರಿಗೆ ತಿಳಿಸಬೇಕಾಗಿಯೂ ಪ್ರಾರ್ಥನೆ. ಅಳತೆ ಕಡಿಮೆಯಾದರೆ ಚಿಂತೆಯಿಲ್ಲ, ಒಂದು ಚಮಚೆ ಸಾಕು.

॥ ಶ್ರೀಕೃಷ್ಣಾರ್ಪಣಮಸ್ತು ॥